ಕಾರ್ಲೈಲ್ 1912: ಗೆದ್ದೋರು ಹುಡುಗ್ರು, ಲೆಕ್ಕದ ಪುಸ್ತಕ ಇನ್ಯಾರ್ದೋ ಕೈಲಿ

ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಿ ಫುಟ್‌ಬಾಲ್ ಅಂದ್ರೆ ಅಮೆರಿಕದವರ ಫುಟ್‌ಬಾಲ್, ಮೊಟ್ಟೆ ಆಕಾರದ ಚೆಂಡನ್ನ ಕಂಕುಳಲ್ಲಿ ಅವುಚ್ಕೊಂಡು ಓಡೋದು, ಎದುರಿನವರು ಸೊಂಟಕ್ಕೋ ಕಾಲಿಗೋ ಬಿದ್ದು ಕೆಡವೋದು. ನಮ್ಮೋರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು ಅಂದ್ರೆ ಕಬಡ್ಡಿ ರೈಡರ್ ಕೈಗೆ ಒಂದು ಚೆಂಡು ಕೊಟ್ಟು, ಅಂಕಣನ ನೂರು ಗಜ ಎಳೆದು, ಎರಡೂ ಕಡೆ ಹನ್ನೊಂದು ಜನ ನಿಲ್ಲಿಸಿದ್ರೆ ಹೆಂಗಿರುತ್ತೋ ಹೆಚ್ಚೂಕಮ್ಮಿ ಹಂಗೆ. ಚೆಂಡು ಹಿಡ್ಕೊಂಡು ಎದುರಿನವರ ಕೊನೆ ಗೆರೆ ದಾಟಿದ್ರೆ ಟಚ್‌ಡೌನ್, ಕಂಬದ ಮಧ್ಯೆ ಒದ್ದು ಹಾಯಿಸಿದ್ರೆ ಫೀಲ್ಡ್ ಗೋಲ್. ಇಷ್ಟು ಗೊತ್ತಿದ್ರೆ ಮುಂದಿಂದು ಓದಬಹುದು.

ನಾನು ನೋಡ್ಬೇಕು ಅಂತ ಎತ್ಕೊಂಡಿರೋ ಪ್ರಕರಣ ಒಂದೇ ಒಂದು ಟೀಮಿನ ಒಂದೇ ಸೀಸನ್. ಪೆನ್ಸಿಲ್ವೇನಿಯಾದ ಕಾರ್ಲೈಲ್ ಅನ್ನೋ ಊರಿನ ಇಂಡಿಯನ್ ಇಂಡಸ್ಟ್ರಿಯಲ್ ಸ್ಕೂಲು, ಅಂದ್ರೆ ಅಮೆರಿಕದ ಮೂಲನಿವಾಸಿ ಮಕ್ಕಳ ಸ್ಕೂಲು, 1912. 14 ಪಂದ್ಯ, 12 ಗೆಲುವು, 1 ಸೋಲು, 1 ಡ್ರಾ, ಒಟ್ಟು 504 ಪಾಯಿಂಟ್. ಆ ವರ್ಷ ಇವರು ಅಮೆರಿಕದ ಸೈನ್ಯದ ಅಕಾಡೆಮಿ ಟೀಮನ್ನ ಅವರ ಮನೆ ಅಂಗಳದಲ್ಲೇ ಹೊಡೆದು ಹಾಕಿದ್ರು, ಅದಕ್ಕೇ ಈ ಸೀಸನ್ ಕಥೆನ ಎಲ್ಲರೂ ಸೇಡಿನ ಕಥೆ ಥರ ಹೇಳ್ತಾರೆ. ಸೈನ್ಯ ಇವರ ಅಪ್ಪ ತಾತಂದಿರನ್ನ ಸೋಲಿಸಿತ್ತು, ಮೊಮ್ಮಕ್ಕಳು ಮೈದಾನದಲ್ಲಿ ತೀರಿಸ್ಕೊಂಡ್ರು ಅಂತ. ಕೇಳೋಕೆ ರೋಮಾಂಚನ ಆಗುತ್ತೆ, ನನಗೂ ಆಗಿತ್ತು, ಆದ್ರೆ ಎರಡು ವರ್ಷ ಬಿಟ್ಟು ಅದೇ ಟೀಮಿನ ಹುಡುಗ್ರು ಸರ್ಕಾರದ ವಿಚಾರಣೆ ಮುಂದೆ ಕೂತು ಹೇಳಿದ್ದನ್ನ ಓದಿದ ಮೇಲೆ ಸ್ಕೋರ್‌ಬೋರ್ಡ್ ಬಿಟ್ಟು ಲೆಕ್ಕದ ಪುಸ್ತಕ ನೋಡ್ಬೇಕು ಅನ್ನಿಸ್ತು. ಗೆದ್ದಿದ್ದು ಇವರೇ ಸರಿ, ಗೆಲುವು ಹೋಗಿ ಸೇರಿದ್ದು ಯಾರ ಜೇಬಿಗೆ?

ಅದು ಎಂಥಾ ಸ್ಕೂಲು

ಹೆಸರಲ್ಲಿ ಇಂಡಿಯನ್ ಅಂತಿರೋದು ನಾವಲ್ಲ, ಅಮೆರಿಕದ ಮೂಲನಿವಾಸಿಗಳು. ಸ್ಕೂಲು ಶುರುವಾಗಿದ್ದು 1879ರಲ್ಲಿ, ಸೈನ್ಯದ ಹಳೇ ಬ್ಯಾರಕ್ಸಲ್ಲಿ, ಶುರು ಮಾಡಿದ್ದು ರಿಚರ್ಡ್ ಹೆನ್ರಿ ಪ್ರಾಟ್ ಅನ್ನೋ ಸೈನ್ಯದ ಆಫೀಸರು. ದೂರದ ರಿಸರ್ವೇಷನ್‌ಗಳಿಂದ (ಮೂಲನಿವಾಸಿಗಳಿಗೆ ಅಂತ ಸರ್ಕಾರ ಬಿಟ್ಟಿದ್ದ ಜಾಗಗಳು) ಮಕ್ಕಳನ್ನ ರೈಲಲ್ಲಿ ಕರ್ಕೊಂಡು ಬರೋದು, ಬಂದ ತಕ್ಷಣ ಜಡೆ ಕತ್ತರಿಸೋದು, ಬೇರೆ ಹೆಸರು ಇಡೋದು, ಯೂನಿಫಾರ್ಮ್ ಹಾಕ್ಸೋದು, ಮನೆ ಭಾಷೆ ಆಡಿದ್ರೆ ಶಿಕ್ಷೆ. ಬಂದಾಗ ಒಂದು ಫೋಟೋ, ಸ್ವಲ್ಪ ದಿನ ಆದ್ಮೇಲೆ ಕೋಟು ಹಾಕಿಸಿ ಇನ್ನೊಂದು ಫೋಟೋ, ಎರಡೂ ಪಕ್ಕ ಪಕ್ಕ ಇಟ್ಟು ನೋಡಿ ಹೆಂಗೆ ತಿದ್ದಿದೀವಿ ಅಂತ ದೇಶಕ್ಕೆಲ್ಲಾ ತೋರ್ಸೋದು. 1892ರಲ್ಲಿ ಪ್ರಾಟ್ ಒಂದು ಭಾಷಣದಲ್ಲಿ ಇವನೊಳಗಿನ ಇಂಡಿಯನ್‌ನ ಕೊಂದು ಮನುಷ್ಯನ್ನ ಉಳಿಸ್ಬೇಕು ಅಂತ ಬಾಯ್ಬಿಟ್ಟೇ ಹೇಳ್ದ, ಮತ್ತೆ ಅದನ್ನ ಅವನು ಒಳ್ಳೇ ಮಾತು ಅಂತಲೇ ಹೇಳಿದ್ದು, ಅದೇ ಭಯ ಹುಟ್ಸೋದು. ಅರ್ಧ ದಿನ ಪಾಠ, ಅರ್ಧ ದಿನ ಕಸುಬು: ಬಡಗಿ ಕೆಲಸ, ಕಮ್ಮಾರಿಕೆ, ಹೊಲಿಗೆ, ಪ್ರಿಂಟಿಂಗು. ರಜದಲ್ಲಿ ಊರಿಗೆ ಕಳ್ಸೋ ಬದಲು ಬಿಳಿಯರ ತೋಟದ ಮನೆಗಳಿಗೆ ಕೆಲಸಕ್ಕೆ ಕಳಿಸ್ತಿದ್ರು, ಅದಕ್ಕೆ ಔಟಿಂಗ್ ಅಂತ ಚೆಂದದ ಹೆಸರು ಬೇರೆ.

ಅಂದ್ರೆ ಇದು ಕಾಲೇಜೇ ಅಲ್ಲ. ಡಿಗ್ರಿ ಕೊಡ್ತಿರ್ಲಿಲ್ಲ. ಆದ್ರೂ ಇವರು ಆಡ್ತಿದ್ದಿದ್ದು ಹಾರ್ವರ್ಡ್, ಪೆನ್ (ಪೆನ್ಸಿಲ್ವೇನಿಯಾ ಯೂನಿವರ್ಸಿಟಿ), ಸಿರಕ್ಯೂಸ್ ಥರದ ದೊಡ್ಡ ದೊಡ್ಡ ಕಾಲೇಜುಗಳ ಜೊತೆ, ಅದೂ ಬಹುತೇಕ ಅವರ ಊರಿಗೇ ಹೋಗಿ.

ಫುಟ್‌ಬಾಲ್ ಹೆಂಗೆ ಬಂತು ಅನ್ನೋದು ಈ ಪ್ರಕರಣದಲ್ಲಿ ಮುಖ್ಯ, ಯಾಕಂದ್ರೆ ಅದನ್ನ ಮೇಲಿಂದ ಯಾರೂ ಹೇರ್ಲಿಲ್ಲ. ಪ್ರಾಟ್ ಆಮೇಲೆ ಬರ್ಕೊಂಡಿರೋ ಪ್ರಕಾರ ಪಕ್ಕದ ಕಾಲೇಜಿನ ಜೊತೆ ಆಡುವಾಗ ಒಬ್ಬ ಹುಡುಗನ ಕಾಲು ಮುರೀತು, ಅದನ್ನ ನೋಡಿ ಇವನು ಹೊರಗಿನ ಪಂದ್ಯನೇ ಬ್ಯಾನ್ ಮಾಡ್ಬಿಟ್ಟ. ಆಮೇಲೆ ನಲವತ್ತರ ಸುಮಾರು ಹುಡುಗ್ರು ಗುಂಪಾಗಿ ಇವನ ಆಫೀಸಿಗೆ ಬಂದು, ಒಬ್ಬ ಮುಂದೆ ನಿಂತು ವಾದ ಮಾಡಿ, ಆಡೋಕೆ ಬಿಡಿ ಅಂತ ಕೇಳಿದ್ರು. ಇವನು ಎರಡು ಕಂಡೀಷನ್ ಹಾಕ್ದ. ಎದುರಿನವನು ಗುದ್ದಿದ್ರೂ ನೀವು ಗುದ್ದಬಾರ್ದು, ಗುದ್ದಿದ್ರೆ ಜನ ನೋಡಿ ಇವರು ಕಾಡುಜನನೇ ಅಂತಾರೆ. ಎರಡನೇದು, ಕೆಲವು ವರ್ಷದೊಳಗೆ ದೇಶದ ಅತಿ ದೊಡ್ಡ ಟೀಮನ್ನ ಹೊಡೀಬೇಕು. ಹುಡುಗ್ರು ಒಪ್ಕೊಂಡ್ರು. ಈ ಮೊದಲನೇ ಕಂಡೀಷನ್ ಇದೆಯಲ್ಲ, ಎದುರಿನವರಿಗೆ ಅದು ಇರ್ಲಿಲ್ಲ ಅನ್ನೋದು ನೆನಪಿಟ್ಕೊಳ್ಳಿ.

1899ರಲ್ಲಿ ಗ್ಲೆನ್ ವಾರ್ನರ್ ಕೋಚ್ ಆಗಿ ಬಂದ, ಎಲ್ಲರೂ ಪಾಪ್ ವಾರ್ನರ್ ಅಂತಿದ್ರು. ಮಧ್ಯೆ ಬಿಟ್ಟು ಹೋಗಿ 1907ಕ್ಕೆ ವಾಪಸ್ ಬಂದ. ತಲೆ ಅಂದ್ರೆ ತಲೆ, ಅದರಲ್ಲಿ ಅನುಮಾನ ಇಲ್ಲ. ಕಾರ್ಲೈಲ್ ಹುಡುಗ್ರು ದೊಡ್ಡ ಕಾಲೇಜಿನವರಿಗಿಂತ ತೂಕದಲ್ಲಿ ಕಮ್ಮಿ, ಹಂಗಾಗಿ ಗುದ್ದಾಟದಲ್ಲಿ ಗೆಲ್ಲೋಕೆ ಆಗಲ್ಲ, ವೇಗ ಮತ್ತೆ ಕಣ್ಕಟ್ಟು ಎರಡೇ ದಾರಿ. 1903ರಲ್ಲಿ ಹಾರ್ವರ್ಡ್ ಮೇಲೆ ಒಬ್ಬ ಆಟಗಾರನ ಜರ್ಸಿ ಅಂಚಿಗೆ ಎಲಾಸ್ಟಿಕ್ ಹೊಲಿಸಿ, ಕಿಕ್‌ಆಫ್ ಚೆಂಡು ಬಂದ ತಕ್ಷಣ ಎಲ್ಲರೂ ಗುಂಪಾಗಿ ನಿಂತು ಚೆಂಡನ್ನ ಅವನ ಬೆನ್ನ ಮೇಲೆ ಜರ್ಸಿ ಒಳಗೆ ತುರುಕಿ, ಆಮೇಲೆ ಎಲ್ಲರೂ ಒಂದೊಂದು ದಿಕ್ಕಿಗೆ ಓಡಿ, ಹಾರ್ವರ್ಡಿನವರು ಚೆಂಡೆಲ್ಲಿ ಚೆಂಡೆಲ್ಲಿ ಅಂತ ಹುಡುಕ್ತಾ ಇರುವಾಗ ಈ ಗೂನುಬೆನ್ನಿನ ಪುಣ್ಯಾತ್ಮ ಹೋಗಿ ಗೆರೆ ದಾಟಿದ್ದ! ಪಂದ್ಯ ಮಾತ್ರ ಹಾರ್ವರ್ಡ್ 12–11ರಲ್ಲಿ ಗೆಲ್ತು.

ರೂಲ್ಸ್ ಇವರ ಕಡೆಗೆ ವಾಲಿತ್ತು

ಈ ಭಾಗನ ಜಾಸ್ತಿ ಜನ ಹಾರಿಸ್ಬಿಡ್ತಾರೆ, ಆದ್ರೆ 1912 ಯಾಕೆ 1912 ಆಯ್ತು ಅನ್ನೋಕೆ ಅರ್ಧ ಉತ್ತರ ಇಲ್ಲೇ ಇದೆ. ಆ ಕಾಲದ ಆಟ ಜನ ಸಾಯೋ ಆಟ. ಎಲ್ಲರೂ ಕೈ ಕೈ ಸೇರಿಸ್ಕೊಂಡು ಗುಂಪಾಗಿ ನುಗ್ಗೋದು, ಕೆಳಗೆ ಬಿದ್ದವನ ಮೇಲೆ ಹತ್ತು ಜನ. 1905ರ ಸೀಸನ್‌ನಲ್ಲಿ ಹುಡುಗ್ರು ಸತ್ತಿದ್ದು ಜಾಸ್ತಿ ಆಗಿ ಪ್ರೆಸಿಡೆಂಟ್ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನ ವೈಟ್‌ಹೌಸಿಗೆ ಕರೆಸಿ ಆಟ ಸರಿ ಮಾಡ್ಕೊಳ್ಳಿ ಅಂದ. 1906ಕ್ಕೆ ಫಾರ್ವರ್ಡ್ ಪಾಸ್ ಬಂತು, ಅಂದ್ರೆ ಚೆಂಡನ್ನ ಮುಂದಕ್ಕೆ ಎಸೀಬಹುದು. ದೊಡ್ಡ ಕಾಲೇಜುಗಳು ಇದೆಂಥಾ ಹೆಂಗಸರ ಆಟ ಅನ್ನೋ ಥರ ಮೂಗು ಮುರೀತಿದ್ದಾಗ ಕಾರ್ಲೈಲ್ 1907ರಲ್ಲೇ ಪಾಸ್ ಮೇಲೆ ಪಾಸ್ ಎಸೆದು ಪೆನ್ ಟೀಮನ್ನ 26–6ರಲ್ಲಿ ಮುಗಿಸ್ತು.

1912ರಲ್ಲಿ ಇನ್ನೊಂದು ರೌಂಡು ಬದಲಾವಣೆ. ಟಚ್‌ಡೌನ್‌ಗೆ 5 ಇದ್ದಿದ್ದು 6 ಪಾಯಿಂಟ್ ಆಯ್ತು, 10 ಗಜ ಮುಂದೆ ಹೋಗೋಕೆ ಮೂರು ಚಾನ್ಸ್ ಇದ್ದಿದ್ದು ನಾಲ್ಕು ಆಯ್ತು, ಮೈದಾನ 110 ಗಜದಿಂದ 100ಕ್ಕೆ ಇಳೀತು, ಪಾಸ್ 20 ಗಜ ದಾಟಬಾರ್ದು ಅನ್ನೋ ಮಿತಿನೂ ಹೋಯ್ತು. ಒಂದೊಂದೇ ನೋಡಿದ್ರೆ ಚಿಕ್ಕದು. ಸೇರಿಸಿ ನೋಡಿ: ಹಗುರ ಮೈಯ, ಕಾಲು ಚುರುಕಿರೋ, ಕೈಯಲ್ಲಿ ನಾಲ್ಕು ಥರದ ಆಟ ಇರೋ ಟೀಮಿಗೆ ಇದಕ್ಕಿಂತ ಇನ್ನೇನು ಬೇಕು.

ಮತ್ತೆ ಜಿಮ್ ಥಾರ್ಪ್ ಇದ್ದ. ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನವನು, ಈಗಿನ ಓಕ್ಲಹೋಮಾ ಕಡೆಯವನು. ಆ ಜುಲೈನಲ್ಲಿ ಸ್ಟಾಕ್‌ಹೋಮ್ ಒಲಿಂಪಿಕ್ಸಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡೂ ಚಿನ್ನ ಹೊಡ್ಕೊಂಡು ಬಂದಿದ್ದ. ಜೊತೆಗೆ ಹೋಗಿದ್ದ ಹೋಪಿ ಬುಡಕಟ್ಟಿನ ಲೂಯಿಸ್ ತೆವಾನಿಮಾ 10,000 ಮೀಟರಲ್ಲಿ ಬೆಳ್ಳಿ. ಈ ತೆವಾನಿಮಾನ ಕಾರ್ಲೈಲಿಗೆ ಕಳ್ಸಿದ್ದೇ ಒಂಥರಾ ಕೈದಿ ಥರ, ಸರ್ಕಾರದ ಸ್ಕೂಲು ಬೇಡ ಅಂತ ಹಠ ಹಿಡಿದಿದ್ದ ಹೋಪಿಗಳ ಗುಂಪಲ್ಲಿ ಹಿಡಿದು ತಂದಿದ್ರು. ಆಮೇಲೆ ಅವನ ಕೊರಳಿಗೆ ಪದಕ ಬಂದಾಗ ಅದು ದೇಶದ ಹೆಮ್ಮೆ. ಥಾರ್ಪ್ ಥರದವರಿಗೆ ಅವರ ಹೆಸರಲ್ಲೇ ಇರೋ ಜಮೀನಿನ ಗುತ್ತಿಗೆ ಹಣ ಕೈಗೆ ಬರ್ಬೇಕು ಅಂದ್ರೂ ಸರ್ಕಾರಿ ಏಜೆಂಟನ ಒಪ್ಪಿಗೆ ಬೇಕಿತ್ತು. ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಅಂತ ಕಾನೂನು ಬಂದಿದ್ದೇ 1924ರಲ್ಲಿ.

ಸೀಸನ್

ಸೆಪ್ಟೆಂಬರ್ 21ಕ್ಕೆ ಶುರು. ಆಲ್‌ಬ್ರೈಟ್ 50–7, ಲೆಬನಾನ್ ವ್ಯಾಲಿ 45–0, ಡಿಕಿನ್ಸನ್ 34–0, ವಿಲನೋವಾ 65–0. ಹನ್ನೆರಡು ದಿನದಲ್ಲಿ ನಾಲ್ಕು ಪಂದ್ಯ, 194 ಪಾಯಿಂಟ್. ಇವು ಚಿಕ್ಕ ಟೀಮುಗಳು, ಇದರ ಮೇಲೆ ಜಾಸ್ತಿ ಹೇಳೋದೇನಿಲ್ಲ. ಅಕ್ಟೋಬರ್ 5ಕ್ಕೆ ವಾಷಿಂಗ್ಟನ್ ಅಂಡ್ ಜೆಫರ್ಸನ್ ಕಾಲೇಜಿನ ಜೊತೆ 0–0, ಅವತ್ತು ಥಾರ್ಪ್ ಒದ್ದಿದ್ದು ಒಂದೂ ಕಂಬದ ಮಧ್ಯೆ ಹೋಗ್ಲಿಲ್ಲ. ಆಮೇಲೆ ಸಿರಕ್ಯೂಸ್ 33–0, ಇದು ಬಡ್ಡಿ ಸಮೇತ ವಸೂಲಿ, ಯಾಕಂದ್ರೆ ಹಿಂದಿನ ವರ್ಷ ಕಾರ್ಲೈಲ್ ಸೋತಿದ್ದು ಒಂದೇ ಪಂದ್ಯ, ಅದು ಇದೇ ಸಿರಕ್ಯೂಸ್ ಮೇಲೆ 12–11ರಲ್ಲಿ. ಪಿಟ್ಸ್‌ಬರ್ಗ್ 45–8.

ಇಲ್ಲಿ ಸ್ವಲ್ಪ ತಡೀರಿ. ಅಕ್ಟೋಬರ್ 26 ಶನಿವಾರ ವಾಷಿಂಗ್ಟನ್‌ನಲ್ಲಿ ಜಾರ್ಜ್‌ಟೌನ್ ಜೊತೆ ಪಂದ್ಯ, 34–20. ಸೋಮವಾರ 28ಕ್ಕೆ ಇವರು ಕೆನಡಾದ ಟೊರಾಂಟೋದಲ್ಲಿ ಆಡ್ತಾ ಇದಾರೆ! ರೈಲಲ್ಲಿ, 1912ರಲ್ಲಿ, ಮೈಯೆಲ್ಲ ಜಜ್ಜಿಹೋಗಿರೋ ಹುಡುಗ್ರು ಒಂದು ಭಾನುವಾರ ಮಧ್ಯೆ ಬಿಟ್ಕೊಂಡು ಇನ್ನೊಂದು ದೇಶಕ್ಕೆ. ಅದೂ ಅಲ್ಲಿ ಅಮೆರಿಕದ ರೂಲ್ಸು ಕೆನಡಾದ ರೂಲ್ಸು ಎರಡೂ ಬೆರೆಸಿ ಆಡಿಸಿದ್ರು, ಇವರು 49–7 ಗೆದ್ರು. ಆ ವಾರದ ಕೊನೆಗೆ, ನವೆಂಬರ್ 2ಕ್ಕೆ ಲೀಹೈ ಜೊತೆ 34–14. ಎಂಟು ದಿನದಲ್ಲಿ ಮೂರು ಪಂದ್ಯ. ಯಾವ ಕೋಚೂ ಆಟಕ್ಕೋಸ್ಕರ ಹಿಂಗೆ ಶೆಡ್ಯೂಲ್ ಹಾಕಲ್ಲ. ಗೇಟ್ ಕಲೆಕ್ಷನ್‌ಗೋಸ್ಕರ ಹಾಕ್ತಾರೆ. ಇಂಡಿಯನ್ಸ್ ಬರ್ತಾರೆ ಅಂದ್ರೆ ಜನ ನೋಡೋಕೆ ಬರ್ತಿದ್ರು, ಪೇಪರಿನವರು ನೆತ್ತಿಚರ್ಮ, ಯುದ್ಧದ ಕೂಗು ಅಂತೆಲ್ಲ ಬರೀತಿದ್ರು, ಎದುರಿನ ಕಾಲೇಜಿಗೂ ದುಡ್ಡು, ಇವರ ಪಾಲೂ ಬರ್ತಿತ್ತು. ಸ್ವಂತ ಊರಲ್ಲಿ ಆಡಿದ್ರೆ ಅಷ್ಟು ಜನ ಎಲ್ಲಿಂದ ಬರ್ಬೇಕು.

ನವೆಂಬರ್ 9, ಹಡ್ಸನ್ ನದಿ ದಡದ ವೆಸ್ಟ್ ಪಾಯಿಂಟ್. ಎದುರಿಗೆ ಸೈನ್ಯದ ಅಕಾಡೆಮಿ ಕೆಡೆಟ್‌ಗಳು. ಈ ಎರಡು ಟೀಮು ಹಿಂದೆ 1905ರಲ್ಲಿ ಒಂದ್ಸಲ ಆಡಿದ್ರು, ಆಗಲೂ ಕಾರ್ಲೈಲ್ 6–5 ಗೆದ್ದಿತ್ತು. ವೂಂಡೆಡ್ ನೀ ಅನ್ನೋ ಜಾಗದಲ್ಲಿ ಸೈನ್ಯ ಲಕೋಟಾ ಜನರನ್ನ ಹೆಂಗಸ್ರು ಮಕ್ಕಳು ಅನ್ನದೆ ಕೊಂದಿದ್ದು 1890ರ ಡಿಸೆಂಬರಲ್ಲಿ, ಅಂದ್ರೆ ಬರೀ 22 ವರ್ಷದ ಹಿಂದೆ, ಮೈದಾನದಲ್ಲಿರೋ ಕೆಲವರು ಆಗಲೇ ಹುಟ್ಟಿದ್ರು. ನಿಮ್ಮ ಅಪ್ಪ ತಾತಂದಿರ ವಿರುದ್ಧ ಹೋರಾಡಿದ್ದು ಇವರ ಅಪ್ಪ ತಾತಂದಿರು ಅಂತ ವಾರ್ನರ್ ಪಂದ್ಯಕ್ಕೆ ಮುಂಚೆ ನೆನಪಿಸ್ದ ಅಂತ ಆಮೇಲೆ ಹೇಳ್ಕೊಂಡು ಬಂದಿದಾರೆ. ಇರಬಹುದು. ನನಗೆ ಮಾತ್ರ ಅದನ್ನ ಈ ಹುಡುಗ್ರಿಗೆ ಕೋಚ್ ಬಂದು ನೆನಪಿಸ್ಬೇಕಿತ್ತಾ ಅನ್ಸುತ್ತೆ.

ಆಟ ನೋಡೋಣ. ಕ್ವಾರ್ಟರ್‌ಬ್ಯಾಕ್, ಅಂದ್ರೆ ಮೈದಾನದಲ್ಲಿ ಟೀಮಿನ ಆಟ ನಡೆಸೋನು, ಗಸ್ ವೆಲ್ಚ್, ವಿಸ್ಕಾನ್ಸಿನ್ ಕಡೆಯ ಒಜಿಬ್ವೆ ಹುಡುಗ. ಅವನ ಹಿಂದೆ ಥಾರ್ಪ್, ಅಲೆಕ್ಸ್ ಅರ್ಕಾಸಾ, ಫುಲ್‌ಬ್ಯಾಕ್ ಸ್ಟ್ಯಾನ್ಸಿಲ್ ಪವೆಲ್. ಅವತ್ತು ವಾರ್ನರ್ ಹೊಸದೊಂದು ಜೋಡಣೆ ಇಳಿಸ್ದ, ಡಬಲ್ ವಿಂಗ್ ಅಂತ ಆಮೇಲೆ ಹೆಸರಾಯ್ತು. ಮಾಮೂಲಿಯಾಗಿ ಚೆಂಡು ಹಿಡ್ಕೊಂಡು ಓಡೋ ಹಾಫ್‌ಬ್ಯಾಕ್ ಇಬ್ಬರೂ ಹಿಂದೆ ನಿಲ್ತಾರೆ, ಎದುರಿನವರಿಗೆ ಯಾರು ಓಡ್ತಾರೆ ಅಂತ ಸುಮಾರಾಗಿ ಗೊತ್ತಾಗುತ್ತೆ. ಇಲ್ಲಿ ಇಬ್ಬರನ್ನೂ ಎಡ ಬಲ ತುದಿಗೆ, ಮುಂದಿನ ಸಾಲಿಗೆ ಅಂಟ್ಕೊಂಡ ಹಾಗೆ ನಿಲ್ಲಿಸ್ದ. ಅಲ್ಲಿಂದ ಅವನು ಒಳಗೆ ತಿರುಗಿ ಚೆಂಡು ಇಸ್ಕೊಂಡು ಉಲ್ಟಾ ದಿಕ್ಕಿಗೆ ಓಡಬಹುದು, ನೇರ ಮುಂದಕ್ಕೆ ಓಡಿ ಪಾಸ್ ಹಿಡೀಬಹುದು, ಸುಮ್ನೆ ಓಡೋ ಥರ ನಟಿಸಿ ಪಕ್ಕದವನಿಗೆ ಅಡ್ಡ ನಿಂತು ದಾರಿ ಮಾಡ್ಕೊಡಬಹುದು. ಥಾರ್ಪ್ ಕಡೆ ಎಲ್ಲರ ಕಣ್ಣು, ಚೆಂಡು ಅರ್ಕಾಸಾ ಕೈಲಿ. ಸೈನ್ಯದವರು ಮೈಯಲ್ಲಿ ದೊಡ್ಡವರು, ಆದ್ರೆ ತಪ್ಪು ಕಡೆಗೆ ಎರಡು ಹೆಜ್ಜೆ ಇಟ್ಟ ಮೇಲೆ ತಿರುಗೋಕೆ ದೊಡ್ಡ ಮೈಗೇ ಜಾಸ್ತಿ ಕಷ್ಟ.

ಮೊದಲು ಸ್ಕೋರ್ ಮಾಡಿದ್ದು ಆರ್ಮಿನೇ, 6–0. ಆಮೇಲೆ ಜೋ ಬರ್ಜಿ ಗೆರೆ ದಾಟಿದ, ಟಚ್‌ಡೌನ್ ಆದ್ಮೇಲೆ ಸಿಗೋ ಎಕ್ಸ್‌ಟ್ರಾ ಒಂದು ಪಾಯಿಂಟಿನ ಕಿಕ್ ಥಾರ್ಪ್ ಒದ್ದ, ಅರ್ಧಕ್ಕೆ 7–6. ಅಲ್ಲಿವರೆಗೂ ಸಮ ಸಮ. ಮಧ್ಯೆ ಪವೆಲ್ ತಾಳ್ಮೆ ಕಳ್ಕೊಂಡು ಒಬ್ಬನಿಗೆ ಗುದ್ದಿ ಹೊರಗೆ ಹೋದ, ಪ್ರಾಟ್ ಕಂಡೀಷನ್ ಮುರಿದವನು ಅಂತ ಬೇಕಾದ್ರೆ ಬರ್ಕೊಳ್ಳಿ. ಆದ್ರೆ ಆರ್ಮಿ ಕ್ಯಾಪ್ಟನ್ ಲೆಲ್ಯಾಂಡ್ ಡೆವೋರ್ ಕಥೆ ನೋಡಿ. ಆನೆ ಥರ ಇದ್ದ, ಹಿಂದಿನ ವರ್ಷ ದೇಶದ ಆಯ್ದ ಆಟಗಾರರ ಪಟ್ಟಿಲಿದ್ದವನು. ಅವನೆದುರಿಗೆ ಇದ್ದಿದ್ದು ಜೋ ಗಯಾನ್ ಅನ್ನೋ ಒಜಿಬ್ವೆ ಹುಡುಗ, ತೂಕದಲ್ಲಿ ಅವನಿಗಿಂತ ಎಷ್ಟೋ ಕಮ್ಮಿ. ಇಡೀ ಮೊದಲರ್ಧ ಗಯಾನ್ ಅವನ ಕಾಲಿನ ಕೆಳಗೆ ನುಸುಳಿ, ಪಕ್ಕಕ್ಕೆ ತಳ್ಳಿ, ಎಳೆದು, ಡೆವೋರ್‌ಗೆ ತಲೆ ಕೆಟ್ಟುಹೋಯ್ತು. ದ್ವಿತೀಯಾರ್ಧ ಶುರುವಾದ ಕೂಡಲೇ ಅವನು ಹೋಗಿ ಗಯಾನ್ ಮೇಲೆ ಎಗರಿ ಬಿದ್ದ. ರೆಫರಿ ಹೊರಗೆ ಕಳ್ಸಿದ್ರು. ಅಲ್ಲಿಗೆ ಆರ್ಮಿ ಕುಸೀತು. ಕೊನೆಗೆ 27–6. ಟಚ್‌ಡೌನ್ ಜಾಸ್ತಿ ಹೊಡೆದಿದ್ದು ಅರ್ಕಾಸಾ, ಥಾರ್ಪ್ ಅಲ್ಲ, ಅದನ್ನ ಯಾರೂ ನೆನಪಿಟ್ಕೊಂಡಿಲ್ಲ ಅಷ್ಟೇ.

ಆರ್ಮಿ ಕಡೆ ಒಬ್ಬ 22 ವರ್ಷದ ಹುಡುಗ ಆಡ್ತಿದ್ದ, ಡ್ವೈಟ್ ಐಸೆನ್‌ಹೋವರ್, ಹೌದು, ಆಮೇಲೆ ಪ್ರೆಸಿಡೆಂಟ್ ಆದ್ನಲ್ಲ ಅವನೇ. ಅವನೂ ಇನ್ನೊಬ್ಬನೂ ಸೇರಿ ಥಾರ್ಪನ್ನ ಒಬ್ಬ ಮೇಲೆ ಒಬ್ಬ ಕೆಳಗೆ ಹೊಡೆದು ಆಟದಿಂದಲೇ ಹೊರಗೆ ಹಾಕೋಣ ಅಂತ ಪ್ಲಾನ್ ಮಾಡಿದ್ರು. ಒಂದ್ಸಲ ಹೊಡೆದ್ರು, ಥಾರ್ಪ್ ಎದ್ದು ನಿಂತ. ಮುಂದಿನ ಸಲ ಇಬ್ಬರೂ ಹಾರಿದಾಗ ಥಾರ್ಪ್ ಗಕ್ಕಂತ ನಿಂತ್ಬಿಟ್ಟ, ಇವರಿಬ್ಬರೂ ಒಬ್ಬರಿಗೊಬ್ಬರು ಢಿಕ್ಕಿ. ಐಸೆನ್‌ಹೋವರ್ ಮಂಡಿ ಪೂರ್ತಿ ಹೋಗಿ ಫುಟ್‌ಬಾಲ್ ನಿಂತಿದ್ದು ಮುಂದಿನ ವಾರ ಟಫ್ಟ್ಸ್ ಜೊತೆ ಆಡುವಾಗ, ಆದ್ರೆ ಥಾರ್ಪ್ ಮುರಿದ ಅಂತ ಹೇಳಿದ್ರೇನೇ ಕಥೆಗೆ ಮಜ, ಹಂಗಾಗಿ ಹಂಗೇ ಹೇಳ್ತಾರೆ.

ಒಂದೇ ವಾರ ಆದ್ಮೇಲೆ ಪೆನ್ ಮೇಲೆ 26–34 ಸೋಲು. ಪೆನ್ ಆ ವರ್ಷ ನಾಲ್ಕು ಪಂದ್ಯ ಸೋತ ಟೀಮು. ಆರ್ಮಿ ಹೊಡೆದ ಮೇಲೆ ಇವರಿಗೆ ಇನ್ನೇನು ಅನ್ನೋ ಭಾವನೆ ಬಂದಿತ್ತೋ, ಅಕ್ಟೋಬರಿನ ರೈಲು ಪ್ರಯಾಣ ಕಾಲಿಗೆ ಇಳಿದಿತ್ತೋ, ನನ್ನ ಓಟು ಎರಡನೇದಕ್ಕೆ. ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ಕಾಲೇಜಿನ ಮೇಲೆ 30–24, ಬ್ಯಾಸ್ಕೆಟ್‌ಬಾಲ್ ಹುಟ್ಟಿದ ಕಾಲೇಜು ಅದು. ಕೊನೆಗೆ ಥ್ಯಾಂಕ್ಸ್‌ಗಿವಿಂಗ್ ದಿನ ಬ್ರೌನ್ ಮೇಲೆ 32–0. ಥಾರ್ಪ್ ಆ ಸೀಸನ್‌ನಲ್ಲಿ 25 ಟಚ್‌ಡೌನ್, 198 ಪಾಯಿಂಟ್ ಅಂತ ಸಾಮಾನ್ಯವಾಗಿ ಬರೀತಾರೆ. ಕಾಲೇಜ್ ಫುಟ್‌ಬಾಲ್ ಅವನಿಗೆ ಅಲ್ಲಿಗೆ ಮುಗೀತು.

ಆಮೇಲೆ ಬಂದಿದ್ದು

ಸೀಸನ್ ಮುಗಿದ ಎರಡು ತಿಂಗಳಿಗೆ, 1913ರ ಜನವರಿಯಲ್ಲಿ, ಮ್ಯಾಸಚುಸೆಟ್ಸಿನ ವೋರ್ಸೆಸ್ಟರ್ ಊರಿನ ಒಂದು ಪೇಪರ್ ಬರೀತು: ಥಾರ್ಪ್ 1909, 1910ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ದುಡ್ಡಿಗೆ ಬೇಸ್‌ಬಾಲ್ ಆಡಿದಾನೆ. ಒಲಿಂಪಿಕ್ಸಲ್ಲಿ ಅಮೆಚೂರ್ ಆಗಿರ್ಬೇಕು, ದುಡ್ಡು ಮುಟ್ಟಬಾರ್ದು ಅನ್ನೋ ಕಾಲ. ಆಗ ಬೇಸಿಗೆಯಲ್ಲಿ ದುಡ್ಡಿಗೆ ಬೇಸ್‌ಬಾಲ್ ಆಡೋ ಕಾಲೇಜು ಹುಡುಗ್ರು ತುಂಬಾ ಜನ ಇದ್ರು, ಅವರಲ್ಲಿ ಎಷ್ಟೋ ಜನ ಸುಳ್ಳು ಹೆಸರಲ್ಲಿ ಆಡ್ತಿದ್ರು, ಇವನು ಸ್ವಂತ ಹೆಸರಲ್ಲೇ ಆಡಿದ್ದ. ಥಾರ್ಪ್ ಹೆಸರಲ್ಲಿ ಒಂದು ಕಾಗದ ಹೋಯ್ತು, ಅದರಲ್ಲಿ ನಾನೊಬ್ಬ ಸಾಮಾನ್ಯ ಇಂಡಿಯನ್ ಸ್ಕೂಲ್ ಹುಡುಗ, ಇದೆಲ್ಲ ನನಗೆ ಗೊತ್ತಿರ್ಲಿಲ್ಲ ಅಂತ ಇತ್ತು. ನಮಗೂ ಗೊತ್ತಿರ್ಲಿಲ್ಲ ಅಂತ ವಾರ್ನರ್ ಮತ್ತೆ ಸ್ಕೂಲಿನ ಸೂಪರಿಂಟೆಂಡೆಂಟ್ ಮೋಸೆಸ್ ಫ್ರೀಡ್‌ಮನ್ ಇಬ್ಬರೂ ಕೈ ತೊಳ್ಕೊಂಡ್ರು. ಅವನ ಜೊತೆ ಇನ್ನಿಬ್ಬರು ಕಾರ್ಲೈಲ್ ಹುಡುಗ್ರೂ ಅಲ್ಲಿಗೆ ಆಡೋಕೆ ಹೋಗಿದ್ರು, ಎರಡು ವರ್ಷ ಟೀಮಿನ ದೊಡ್ಡ ಆಟಗಾರ ಎಲ್ಲಿಗೆ ಹೋದ ಅಂತ ಕೋಚಿಗೆ ಗೊತ್ತಿರ್ಲಿಲ್ವಂತೆ, ನಂಬೋದಾದ್ರೆ ನಂಬಿ. ಒಲಿಂಪಿಕ್ಸ್ ರೂಲ್ ಪ್ರಕಾರ ತಕರಾರು 30 ದಿನದೊಳಗೆ ಬರ್ಬೇಕಿತ್ತು, ಬಂದಿದ್ದು ಆರು ತಿಂಗಳಿಗೆ. ಆದ್ರೂ ಪದಕ ಕಿತ್ಕೊಂಡ್ರು.

ಒಬ್ಬ ತಪ್ಪಿತಸ್ಥ ಸಿಕ್ಕಿದ, ಸ್ಕೂಲು ಬಚಾವಾಯ್ತು. ಆದ್ರೆ ಹುಡುಗ್ರು ಅಲ್ಲಿಗೆ ಬಿಡ್ಲಿಲ್ಲ, ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಇದೇ. ವಿದ್ಯಾರ್ಥಿಗಳು ಸ್ಕೂಲಿನ ಮೇಲೆ ವಿಚಾರಣೆ ಆಗ್ಬೇಕು ಅಂತ ಸಹಿ ಸಂಗ್ರಹ ಮಾಡಿ ಅರ್ಜಿ ಕಳಿಸಿದ್ರು, ಮುಂದೆ ನಿಂತವನು ಕ್ವಾರ್ಟರ್‌ಬ್ಯಾಕ್ ಗಸ್ ವೆಲ್ಚ್. 1914ರಲ್ಲಿ ಕಾಂಗ್ರೆಸ್ಸಿನ, ಅಂದ್ರೆ ಅಮೆರಿಕದ ಪಾರ್ಲಿಮೆಂಟಿನ, ಜಂಟಿ ಸಮಿತಿ ಬಂದು ಕೂತ್ಕೊಂಡು ಕೇಳ್ತು. ವೆಲ್ಚ್ ತನ್ನ ಕೋಚ್ ವಿರುದ್ಧವೇ ಸಾಕ್ಷಿ ಹೇಳ್ದ. ವಾರ್ನರ್ ಆಟಗಾರರಿಗೆ ಕೆಟ್ಟದಾಗಿ ಬೈತಾನೆ, ಕೈ ಮಾಡ್ತಾನೆ, ನಡತೆ ಸರಿ ಇಲ್ಲ, ಪಂದ್ಯದ ಟಿಕೆಟ್ಟನ್ನ ಹೋಟೆಲ್ ಲಾಬಿಲಿ ನಿಂತು ಮಾರ್ತಾನೆ ಅಂತೆಲ್ಲ ಹುಡುಗರ ದೂರು. ಮತ್ತೆ ಅಥ್ಲೆಟಿಕ್ ಫಂಡು. ಗೇಟ್ ದುಡ್ಡೆಲ್ಲ ಸರ್ಕಾರದ ಲೆಕ್ಕಕ್ಕೆ ಬರ್ದೆ ಈ ಫಂಡಿಗೆ ಹೋಗ್ತಿತ್ತು, ಅದರ ಬೀಗದಕೈ ವಾರ್ನರ್ ಹತ್ರ. ಅವನ ಸಂಬಳ ಅದರಿಂದ. ಸೀಸನ್ ಮುಗಿದ ಮೇಲೆ ಆಟಗಾರರಿಗೆ ಒಂದು ಸೂಟು, ಒಂದು ಓವರ್‌ಕೋಟು. ಅದೇ ಹೊತ್ತಲ್ಲಿ ಉಳಿದ ಮಕ್ಕಳು ಊಟ ಸಾಲ್ತಿಲ್ಲ ಅಂತ ದೂರು ಹೇಳ್ತಾ ಇದಾರೆ.

ಈ ಓವರ್‌ಕೋಟ್ ವಿಷಯ ಓದಿದಾಗ ನನಗೆ ನಗು ಬಂತು, ಸಿಟ್ಟೂ ಬಂತು. ನಾನು ಡಿಗ್ರಿ ಓದುವಾಗ ಕಬಡ್ಡಿ ಟೀಮಲ್ಲಿ ಎಕ್ಸ್‌ಟ್ರಾ ಆಟಗಾರ. ಯೂನಿವರ್ಸಿಟಿ ಟೂರ್ನಮೆಂಟಿಗೆ ಹೋಗ್ಬಂದ್ರೆ ಒಂದು ಟ್ರ್ಯಾಕ್‌ಸೂಟು, ಎದೆ ಮೇಲೆ ಕಾಲೇಜಿನ ಹೆಸರು, ಟಿಎ ಡಿಎ ಅಂತ ಸಹಿ ಹಾಕಿಸ್ಕೊಳ್ತಿದ್ರು, ಸಹಿ ಮಾಡಿದ ಹಾಳೆಲಿ ಇರೋ ಮೊತ್ತಕ್ಕೂ ಕೈಗೆ ಬರ್ತಿದ್ದ ಮೊತ್ತಕ್ಕೂ ಸಂಬಂಧ ಇರ್ತಿರ್ಲಿಲ್ಲ. ನಾವ್ಯಾರೂ ಕೇಳ್ಲಿಲ್ಲ. ಟ್ರ್ಯಾಕ್‌ಸೂಟ್ ಹಾಕ್ಕೊಂಡು ಕ್ಯಾಂಟೀನಿಗೆ ಹೋಗೋ ಖುಷಿನೇ ಸಾಕಾಗಿತ್ತು. ವೆಲ್ಚ್ ಕೇಳ್ದ, ಅದೂ ಕೇಳಿದ್ರೆ ವಾಪಸ್ ಹೋಗೋಕೆ ರೈಲು ಚಾರ್ಜೂ ಕೈಲಿರದ ಜಾಗದಲ್ಲಿ.

ನಮ್ಮ ಕಡೆಯವರು ಈ ಕಥೆ ಕೇಳಿದ ತಕ್ಷಣ ಮೋಹನ್ ಬಗಾನ್ ಅಂತಾರೆ, ನಮಗೆ ಗೊತ್ತಿರೋ ಕಾಲ್ಚೆಂಡಾಟದ ಕಲ್ಕತ್ತಾ ಕ್ಲಬ್ಬು. 1911ರ ಜುಲೈ 29, ಕಲ್ಕತ್ತಾ, ಹೆಚ್ಚಿನವರು ಬರಿಗಾಲಲ್ಲೇ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನ 2–1ರಲ್ಲಿ ಸೋಲಿಸಿ ಐಎಫ್‌ಎ ಶೀಲ್ಡ್ ಎತ್ತಿದ್ರಲ್ಲ, ಅದಾಗಿ ಒಂದೂಕಾಲು ವರ್ಷಕ್ಕೆ ಈ ಆರ್ಮಿ ಪಂದ್ಯ. ಹೋಲಿಕೆ ಅರ್ಧಕ್ಕೆ ನಿಲ್ಲುತ್ತೆ ಅನ್ನೋದು ನನ್ನ ಅಭಿಪ್ರಾಯ. ಮೋಹನ್ ಬಗಾನಿನವರು ತಮ್ಮದೇ ಕ್ಲಬ್ಬಿಗೆ ಆಡಿದ್ರು, ಗೆದ್ದ ರಾತ್ರಿ ತಮ್ಮ ಮನೆಗೆ ಹೋದ್ರು, ಅವ್ವನ ಹತ್ರ ಬಂಗಾಳಿಯಲ್ಲೇ ಮಾತಾಡಿದ್ರು. ಕಾರ್ಲೈಲ್ ಹುಡುಗ್ರು ಗೆದ್ದ ಮೇಲೆ ಹೋಗಿದ್ದು ಬ್ಯಾರಕ್ಸಿಗೆ, ಮತ್ತೆ ಅವರು ಗೆದ್ದಷ್ಟೂ ನೋಡಿ ನಮ್ಮ ಸ್ಕೂಲು ಎಂಥಾ ಕೆಲಸ ಮಾಡಿದೆ ಅಂತ ಆ ಎರಡು ಫೋಟೋ ಪಕ್ಕ ಇನ್ನೊಂದು ಫೋಟೋ ಸೇರ್ತಿತ್ತು.

ಹಂಗಂತ ಹುಡುಗ್ರು ಬರೀ ಕೈಗೊಂಬೆ ಅಂದ್ರೆ ನಾನು ಒಪ್ಪಲ್ಲ. ಆಟ ಬೇಕು ಅಂತ ಕೇಳಿದ್ದು ಅವರು, ಆಫೀಸಿಗೆ ನುಗ್ಗಿ. ಲೆಕ್ಕ ಕೊಡಿ ಅಂತ ಕೇಳಿದ್ದೂ ಅವರು. ಮಧ್ಯದ ಇಪ್ಪತ್ತು ಚಿಲ್ಲರೆ ವರ್ಷ ಯಾರು ಯಾರನ್ನ ಬಳಸ್ಕೊಂಡ್ರು ಅನ್ನೋದು ಅಷ್ಟು ಸಲೀಸಾಗಿ ಬಿಡಿಸೋಕೆ ಬರಲ್ಲ. ವಾರ್ನರ್ ಇಲ್ದೆ ಡಬಲ್ ವಿಂಗ್ ಇಲ್ಲ, ಆದ್ರೆ ಆ ವೇಗ, ಆ ನಾಟಕ, ಆ ಧೈರ್ಯ ಇವರದ್ದು, ಬೇರೆ ಟೀಮಿಟ್ಕೊಂಡು ಅವನು ಅದನ್ನ ಕಂಡುಹಿಡೀತಿದ್ನಾ ಅಂತ ಕೇಳ್ಕೊಂಡ್ರೆ ನನಗೆ ಅನುಮಾನ.

ವಿಚಾರಣೆ ಆದ್ಮೇಲೆ ಫ್ರೀಡ್‌ಮನ್ ಕೆಲಸ ಹೋಯ್ತು, ಕೋರ್ಟಲ್ಲಿ ಖುಲಾಸೆ ಆದ. 1914ರಲ್ಲಿ ಟೀಮು ಬರೀ 5 ಗೆದ್ದು 9 ಸೋಲ್ತು. ವಾರ್ನರ್ ಪಿಟ್ಸ್‌ಬರ್ಗಿಗೆ ಹೋಗಿ ಅಲ್ಲೂ ಗೆದ್ದು ದೊಡ್ಡ ಹೆಸರಾದ, ಈಗಲೂ ಅಮೆರಿಕದಲ್ಲಿ ಚಿಕ್ಕ ಮಕ್ಕಳು ಆಡೋ ಫುಟ್‌ಬಾಲ್ ಲೀಗಿಗೆ ಅವನದ್ದೇ ಹೆಸರು. ವೆಲ್ಚ್ ತಾನೂ ಕೋಚ್ ಆದ, ವಾಷಿಂಗ್ಟನ್ ಸ್ಟೇಟ್ ಕಾಲೇಜಲ್ಲಿ. ಥಾರ್ಪ್ ಕ್ಯಾಂಟನ್ ಬುಲ್‌ಡಾಗ್ಸ್ ಅನ್ನೋ ಟೀಮಿಗೆ ದುಡ್ಡಿಗೇ ಆಡ್ದ, 1920ರಲ್ಲಿ ಈಗಿನ ಎನ್‌ಎಫ್‌ಎಲ್, ಅಂದ್ರೆ ದುಡ್ಡಿಗೆ ಆಡೋರ ಫುಟ್‌ಬಾಲ್ ಲೀಗು, ಶುರುವಾದಾಗ ಅದರ ಮೊದಲ ಪ್ರೆಸಿಡೆಂಟ್ ಅವನೇ. 1922ರಲ್ಲಿ ಓಹಾಯೋದ ಒಬ್ಬ ನಾಯಿ ವ್ಯಾಪಾರಿ ಊರಾಂಗ್ ಇಂಡಿಯನ್ಸ್ ಅಂತ ಪೂರ್ತಿ ಮೂಲನಿವಾಸಿಗಳದ್ದೇ ಟೀಮು ಕಟ್ಟಿದ, ಥಾರ್ಪು, ಗಯಾನು ಎಲ್ಲ ಆಡಿದ್ರು, ಹಾಫ್‌ಟೈಮಲ್ಲಿ ರೆಸ್ಟ್ ತಗೊಳ್ಳೋ ಬದಲು ಅವನ ನಾಯಿಗಳ ಜೊತೆ ಪ್ರದರ್ಶನ ಕೊಡ್ಬೇಕಿತ್ತು. ಥಾರ್ಪ್ ತೀರ್ಕೊಂಡಿದ್ದು 1953ರಲ್ಲಿ. ಪದಕ ವಾಪಸ್ ಬಂದಿದ್ದು 1982ರಲ್ಲಿ, ಅದೂ ಜಂಟಿ ವಿಜೇತ ಅಂತ, ಒಬ್ಬನೇ ವಿಜೇತ ಅಂತ ಬರೆಯೋಕೆ 2022 ಆಗ್ಬೇಕಾಯ್ತು.

ಸ್ಕೂಲು 1918ರಲ್ಲಿ ಮುಚ್ತು. ಮುಚ್ಚಿದ್ದು ಮಕ್ಕಳಿಗೋಸ್ಕರ ಅಲ್ಲ, ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಆಸ್ಪತ್ರೆ ಬೇಕು ಅಂತ ಸೈನ್ಯ ತನ್ನ ಬ್ಯಾರಕ್ಸನ್ನ ವಾಪಸ್ ತಗೊಳ್ತು. ಈಗ ಅಲ್ಲಿರೋದು ಸೈನ್ಯದ ವಾರ್ ಕಾಲೇಜು. ಅದೇ ಕಾಂಪೌಂಡಲ್ಲಿ ಸಾಲು ಸಾಲು ಬಿಳಿ ಕಲ್ಲಿನ ಒಂದು ಸ್ಮಶಾನ ಇದೆ, ಸ್ಕೂಲಿಗೆ ಬಂದು ಕಾಯಿಲೆ ಬಿದ್ದು ಊರಿಗೆ ವಾಪಸ್ ಹೋಗದೇ ಇದ್ದ ಮಕ್ಕಳದ್ದು. 2017ರಿಂದ ಅದೇ ಸೈನ್ಯದವರು ಒಂದೊಂದೇ ಸಮಾಧಿ ಅಗೆದು ಅವರವರ ಜನಕ್ಕೆ ಒಪ್ಪಿಸ್ತಾ ಇದಾರೆ, ಕೆಲವು ಕಲ್ಲಿನ ಕೆಳಗೆ ಬೇರೆ ಮಕ್ಕಳ ಮೂಳೆ ಸಿಕ್ಕಿ ಮತ್ತೆ ಮುಚ್ಚಿದ್ದೂ ಉಂಟು.